ಮೈಸೂರು ಸರಸ್ವತಿಪುರಂನ ಓಟಿ (ಆಕ್ಯುಪೇಷನಲ್ ಥೆರಪಿ) ಸೆಂಟರ್: ಎಂಟನೇ ಕ್ಲಾಸಿನ ಹುಡುಗನ ಅಕ್ಷರಕ್ಕೆ 14 ಶನಿವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗನ ಅಕ್ಷರ ಈಗಲೂ ಮುತ್ತು ಪೋಣಿಸಿದ ಹಾಗೇನೂ ಇಲ್ಲ. ಮುತ್ತೇ ಬೇಕು ಅನ್ನುವವರು ಇದನ್ನು ಬಿಟ್ಟು ಮುಂದಿನ ರಿವ್ಯೂಗೆ ಹೋಗಬಹುದು. ಆದರೆ ಮೊನ್ನೆಯ ಸಮಾಜ ವಿಜ್ಞಾನದ ಟೆಸ್ಟಿನಲ್ಲಿ ಅವನು ಕೊನೆಯ ಪ್ರಶ್ನೆಯವರೆಗೂ ಬರೆದು ಬಂದ. ಎರಡು ವರ್ಷದಲ್ಲಿ ಇದೇ ಮೊದಲ ಸಲ. 4 ಸ್ಟಾರ್ ಕೊಟ್ಟಿರುವುದು ಅದಕ್ಕೆ. ಐದನೆಯದನ್ನು ಯಾಕೆ ಇಟ್ಟುಕೊಂಡೆ ಅನ್ನುವುದನ್ನೂ ಕೆಳಗೆ ಬರೆದಿದ್ದೇನೆ.

ನಾವು ಮಂಡ್ಯದವರು. ನನ್ನದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗನಿಗೆ 13 ವರ್ಷ, ಕನ್ನಡ ಮೀಡಿಯಂ. ಬಾಯಲ್ಲಿ ಕೇಳಿದರೆ ಪಟಪಟ ಅಂತ ಹೇಳುವ ಹುಡುಗ. ಮಳೆಗಾಲ ಬಂತು ಅಂದರೆ ಮನೆಯಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಅಣೆಕಟ್ಟಿನ, ನೀರಿನ ಮಟ್ಟ ಹೇಳುವವನು ಅವನೇ. ಇವತ್ತು ಎಷ್ಟು ಅಡಿ, ಪೂರ್ತಿ ತುಂಬಿ 124.80 ಆಗೋಕೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು, ವಿ.ಸಿ. ನಾಲೆಗೆ ಯಾವಾಗ ಬಿಡಬಹುದು, ಎಲ್ಲಾ ಬಾಯಿಪಾಠ. ಅದೇ ವಿಷಯ ಪರೀಕ್ಷೆಯಲ್ಲಿ 5 ಮಾರ್ಕಿಗೆ ಬಂದಾಗ ಅವನು ಬರೆದಿದ್ದು ಇಷ್ಟು: "ಕೆ.ಆರ್.ಎಸ್. ಕಾವೇರಿಗೆ ಕಟಿದಾರೆ. ನೀರು ಗದೆಗೆ ಹೋಗುತದೆ." ಅಷ್ಟೇ, ಎರಡು ಸಾಲು. ಗದ್ದೆ ಹೋಗಿ ಭೀಮನ ಗದೆ ಆಗಿತ್ತು. ಮೇಷ್ಟ್ರು ಅದರ ಸುತ್ತ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು.

ಕಾಗೆ ಕಾಲು ಗುಬ್ಬಿ ಕಾಲು ಅಂತ ಎಲ್ಲರೂ ಅಂದವರೇ. ನಮ್ಮಮ್ಮ ಅಂತೂ ಅಕ್ಷರ ನೆಟ್ಟಗಿಲ್ಲದವನ ಹಣೆಬರಹ ನೆಟ್ಟಗಿರುತ್ತಾ ಅಂತ ಅವನ ಎದುರಿಗೇ ಹೇಳುತ್ತಿದ್ದರು. ನಾನೇನು ಕಡಿಮೆಯಲ್ಲ. ದಿನಾ ಎರಡು ಪುಟ ಕಾಪಿ ಬರೆದ ಮೇಲೇ ಊಟ ಅಂತ ಒಂದಿಡೀ ವರ್ಷ ಕೂರಿಸಿದ್ದೇನೆ. ಸೋಮಾರಿತನ ಅಂತಲೇ ಅಂದುಕೊಂಡಿದ್ದೆ, ಮಾತಾಡೋಕೆ ಬರುವವನಿಗೆ ಬರೆಯೋಕೆ ಏನು ರೋಗ ಅಂತ.

ಇಲ್ಲಿಗೆ ಬರುವ ಮುಂಚೆ, ಹೋದ ವರ್ಷ ಬೇಸಿಗೆ ರಜೆಯಲ್ಲಿ ಒಂದು ಕಡೆ 30 ದಿನದ ಹ್ಯಾಂಡ್‌ರೈಟಿಂಗ್ ಕೋರ್ಸಿಗೆ ಹಾಕಿದ್ದೆ. ಹೆಸರು ಬೇಡ. ಅಲ್ಲಿ ಇವನನ್ನು ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿ ನಾಲ್ಕು ಗೆರೆಯ ಪುಸ್ತಕದಲ್ಲಿ ಓರೆ ಗೆರೆ, ಸೊನ್ನೆ ಬರೆಸಿದರು. ಮೀಸೆ ಮೊಳಕೆ ಒಡೆಯುತ್ತಿರುವ ಹುಡುಗ ಪಕ್ಕದಲ್ಲಿ ಕೂತ ಪುಟ್ಟ ಹುಡುಗಿಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಾ ತಿಂಗಳು ಕಳೆದ. ಕೊನೆಗೆ ಅಕ್ಷರವೇನೋ ಚೆನ್ನಾಗೇ ಬಂತು, ಸುಳ್ಳು ಯಾಕೆ ಹೇಳಲಿ. ಮೊದಲ ದಿನದ ಪುಟ, 30ನೇ ದಿನದ ಪುಟ ಪಕ್ಕಪಕ್ಕ ಇಟ್ಟು ಫೋಟೋ ಹಾಕಿದರು, ನಾನೂ ಸ್ಟೇಟಸ್ಸಿಗೆ ಹಾಕಿಕೊಂಡೆ. ಆದರೆ ಆ ಚಂದದ ಅಕ್ಷರದಲ್ಲಿ ಒಂದು ಪುಟ ಬರೆಯೋಕೆ ಅವನಿಗೆ ಮುಕ್ಕಾಲು ಗಂಟೆ ಬೇಕು. ಜೂನಿನಲ್ಲಿ ಶಾಲೆ ಶುರುವಾಗಿ ಮೊದಲ ಟೆಸ್ಟ್ ಬಂತು, ಅರ್ಧ ಪೇಪರ್ ಖಾಲಿ ಬಿಟ್ಟು ಬಂದ. ಎರಡನೇ ಟೆಸ್ಟ್ ಹೊತ್ತಿಗೆ ಹಳೇ ಕೋಳಿ ಕಾಲು ವಾಪಸ್ ಬಂದಿತ್ತು. ಚಂದವೂ ಹೋಯಿತು, ದುಡ್ಡೂ ಹೋಯಿತು.

ಮೈಸೂರಿನಲ್ಲಿರುವ ನನ್ನ ಷಡ್ಡಕ ಒಂದು ದಿನ ಮನೆಗೆ ಬಂದಾಗ ಇವನು ಹೋಂವರ್ಕ್ ಮಾಡುವುದನ್ನು ನೋಡುತ್ತಾ ಕೂತಿದ್ದ. ಪ್ರತಿ ಮೂರು ಸಾಲಿಗೆ ಒಂದು ಸಲ ಪೆನ್ನು ಇಟ್ಟು ಕೈ ಕೊಡವುತ್ತಾನಲ್ಲ, ಗಮನಿಸಿದ್ದೀಯಾ ಅಂದ. ಗಮನಿಸಿರಲಿಲ್ಲ. ಕುಂಟುನೆಪ ಅಂದುಕೊಂಡಿದ್ದೆ. ಅವನೇ ಈ ಸೆಂಟರ್ ಹೇಳಿದ್ದು. ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂತ ನಮ್ಮಮ್ಮ ಗಾಬರಿಯಾಗಿದ್ದರು. ಆಕ್ಯುಪೇಷನಲ್ ಥೆರಪಿ ಇದು, ದಿನನಿತ್ಯದ ಕೆಲಸಗಳಿಗೆ ಕೈ, ಕಣ್ಣು, ಮೈ ಹೊಂದಿಸಿಕೊಡುವವರು.

ಮೊದಲನೇ ದಿನದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಥೆರಪಿಸ್ಟ್ ಮೇಡಂ ಇವನ ನೋಟ್ಸ್ ಪುಸ್ತಕ ತೆಗೆದು ನೋಡಿದರು, ಮುಖದಲ್ಲಿ ಏನೂ ತೋರಿಸಲಿಲ್ಲ. "ಬರೆಯುವಾಗ ಎಲ್ಲಿ ನೋಯುತ್ತೆ?" ಅಂತ ಕೇಳಿದರು. ಇವನು ನನ್ನ ಮುಖ ನೋಡಿದ, ಆಮೇಲೆ ಹೆಬ್ಬೆರಳಿನ ಬುಡ ತೋರಿಸಿದ, ಆಮೇಲೆ ಮುಂಗೈ, ಆಮೇಲೆ ಭುಜ. ಎಂಟು ವರ್ಷ ಶಾಲೆಗೆ ಹೋಗಿದ್ದಾನೆ, ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ನಾಲ್ಕು ಬಿಳಿ ಹಾಳೆ, ನಡುವೆ ಕಾರ್ಬನ್ ಪೇಪರ್ ಇಟ್ಟು ಬರೆಯೋಕೆ ಹೇಳಿದರು. ಮಂಡಿಯಲ್ಲಿ ನಾವು ಬಿಲ್ ಬುಕ್ಕಿಗೆ ಇಡುತ್ತಿದ್ದ ಅದೇ ಕಾರ್ಬನ್. ನನ್ನ ಕೈಲೂ ಒಂದು ಸೆಟ್ ಬರೆಸಿದರು. ನನ್ನದು ಮೂರನೇ ಹಾಳೆಯಲ್ಲಿ ಮಸುಕಾಗಿತ್ತು, ನಾಲ್ಕನೆಯದರಲ್ಲಿ ಇರಲೇ ಇಲ್ಲ. ಇವನದು ನಾಲ್ಕನೇ ಹಾಳೆಯಲ್ಲೂ ಅಚ್ಚು ಹಾಕಿದ ಹಾಗೆ. ಮೊದಲ ಹಾಳೆಯ ಹಿಂದೆ ಬೆರಳು ಸವರಿದರೆ ಅಕ್ಷರ ಉಬ್ಬಿ ಕೈಗೆ ಸಿಗುತ್ತಿತ್ತು. "ಇವನು ಬರೀತಾ ಇಲ್ಲ ಸರ್, ಕೆತ್ತುತಾ ಇದಾನೆ" ಅಂದರು. ಅಷ್ಟು ಒತ್ತಿ ಬರೆದರೆ ಕೈ ಬೇಗ ಸೋಲುತ್ತದೆ, ಸೋತ ಕೈ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿದಷ್ಟೂ ಅಕ್ಷರ ಕೆಡುತ್ತದೆ. ದಿನಾ ಎರಡು ಪುಟ ಕಾಪಿ ಬರೆಸಿದ್ದು ನೆನಪಾಗಿ ನನಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ ಎರಡನೇ ವಾರ ಹಿಡಿದರು. ಒಂದು ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು, ಅದನ್ನೇ 10 ನಿಮಿಷ ಬರೆಸಿದರು, ಎರಡನ್ನೂ ಪಕ್ಕ ಇಟ್ಟರು. ಬಾಯಲ್ಲಿ "ಸ್ವಾತಂತ್ರ್ಯ ಹೋರಾಟ" ಅಂದವನು ಪೇಪರಿನಲ್ಲಿ "ಬಿಡುಗಡೆ ಹೋರಾಟ" ಅಂತ ಬರೆದಿದ್ದ. "ಕೃಷ್ಣರಾಜಸಾಗರ" ಯಾವಾಗಲೂ ಕೆ.ಆರ್.ಎಸ್. "ಮುಖ್ಯಮಂತ್ರಿ" ಬರೆಯುವ ಕಡೆ "ಸರಕಾರ". ಹುಡುಗ ಒತ್ತಕ್ಷರ ಬರುವ ಪದಗಳನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದ, ಸಾಲದವರನ್ನು ಕಂಡು ಸಂದಿಯಲ್ಲಿ ನುಗ್ಗುವವರ ಹಾಗೆ! ನಾವೆಲ್ಲ ಇವನಿಗೆ ಪದಗಳೇ ಗೊತ್ತಿಲ್ಲ ಅಂದುಕೊಂಡಿದ್ದೆವು. ಕನ್ನಡ ಬರೆಯುವುದು ನಮಗೆ ಅಭ್ಯಾಸವಾಗಿದೆ, ಅದಕ್ಕೆ ಗೊತ್ತಾಗುವುದಿಲ್ಲ. ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ, ಒಂದೇ ಅಕ್ಷರಕ್ಕೆ ಕೈ ಮೂರು ಕಡೆ ಹೋಗಿ ಬರಬೇಕು. ಜೊತೆಗೆ ಇಂಗ್ಲಿಷ್, ಹಿಂದಿ ಬೇರೆ. ಮೂರು ಲಿಪಿ.

ಕಲಿಕೆಯ ತೊಂದರೆ ಬೇರೆ ಏನಾದರೂ ಇದೆಯಾ ಅಂತ ಮೊದಲು ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತಲೂ ಇವರೇ ಹೇಳಿದರು. ಹೋದೆವು. ಓದುವುದರಲ್ಲಿ ತೊಂದರೆ ಇಲ್ಲ, ಇರುವುದು ಬರವಣಿಗೆಯಲ್ಲಿ, ಡಿಸ್‌ಗ್ರಾಫಿಯಾ ಅಂತ ಬರೆದುಕೊಟ್ಟರು. ತಮ್ಮ ಹತ್ತಿರವೇ ಎಲ್ಲಾ ಇಟ್ಟುಕೊಳ್ಳದೆ ಬೇರೆ ಕಡೆ ಕಳಿಸಿದರಲ್ಲ, ಈ ಸೆಂಟರ್ ಮೇಲೆ ನಂಬಿಕೆ ಬಂದಿದ್ದು ಅಲ್ಲಿಂದ.

ಇನ್ನು 14 ಶನಿವಾರ ಏನು ಮಾಡಿಸಿದರು ಅಂತ. ಬರೆಸಿದ್ದು ಕಮ್ಮಿ. ಗೋಡೆಗೆ ಕೈ ಊರಿ ತಳ್ಳುವುದು, ಗಟ್ಟಿ ಜೇಡಿಮಣ್ಣಿನಂಥದ್ದನ್ನು ಹಿಸುಕುವುದು, ಬೆರಳಿನಲ್ಲಿ ನಾಣ್ಯ ಹೊರಳಿಸಿ ಅಂಗೈಗೆ ತಂದುಕೊಳ್ಳುವುದು, ಇಂಥವು. ಪೆನ್ನಿನ ಹಿಡಿತ ಬದಲಾಯಿಸಲೇ ಇಲ್ಲ. ಹಳೇ ಕೋರ್ಸಿನವರು ಮೂರು ಬೆರಳಿನ ಹಿಡಿತ ಅಂತ ಪ್ರಾಣ ತಿಂದಿದ್ದರು. ಇವನು ನಾಲ್ಕು ಬೆರಳಿನಲ್ಲಿ ಹಿಡಿಯುತ್ತಾನೆ, ಅದೂ ಕೆಲಸಕ್ಕೆ ಬರುವ ಹಿಡಿತವೇ, ಈ ವಯಸ್ಸಿನಲ್ಲಿ ಅದನ್ನು ಬಿಡಿಸೋಕೆ ಹೋದರೆ ಇರುವ ಸ್ಪೀಡೂ ಹೋಗುತ್ತದೆ ಅಂದರು. ವರ್ಣಮಾಲೆ ಪೂರ್ತಿ ತಿದ್ದಿಸಲೂ ಇಲ್ಲ. ಓದುವವರಿಗೆ ಗೊಂದಲ ಮಾಡುವ ಅಕ್ಷರ ಯಾವುವು ಅಂತ ಇವನ ಕೈಲೇ ಗುರುತು ಹಾಕಿಸಿದರು. ಪ ಮತ್ತು ಷ, ವ ಮತ್ತು ಮ, ದ ಮತ್ತು ಧ. ಇವನು ಷದ ಒಳಗಿನ ಗೆರೆಯನ್ನು ಮೇಲಿಂದ ಮೇಲೆ ಹಾರಿಸಿಬಿಡುತ್ತಿದ್ದ, ಮ ಬರೆಯುವಾಗ ಕೊನೆಯ ಕೊಂಡಿ ಬಿಟ್ಟು ವ ಮಾಡುತ್ತಿದ್ದ. ಈ ಮೂರು ಜೋಡಿ ಸರಿ ಮಾಡಿದ್ದಕ್ಕೇ ಪುಟ ಓದೋಕೆ ಬರುವ ಹಾಗಾಯಿತು. ಉಳಿದ ಅಕ್ಷರ ಸೊಟ್ಟಗಿದ್ದರೆ ಇರಲಿ ಬಿಡಿ.

ಎಲ್ಲಕ್ಕಿಂತ ಸುಲಭದ ಉಪಾಯ ಅಂದರೆ ಒಂದು ಸಾಲು ಬಿಟ್ಟು ಒಂದು ಸಾಲು ಬರೆಯುವುದು. ಇವನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತಿತ್ತು. ಮಧ್ಯೆ ಜಾಗ ಸಿಕ್ಕಿದ ಮೇಲೆ ಒತ್ತು ಹಾಕೋಕೆ ಹೆದರಿಕೆ ಕಮ್ಮಿಯಾಯಿತು. ನೋಟ್‌ಬುಕ್ ಎರಡರಷ್ಟು ಖರ್ಚು. ಅದಕ್ಕೂ ಒಬ್ಬ ಟೀಚರ್ ಪುಸ್ತಕ ಹಾಳು ಮಾಡುತ್ತಾನೆ ಅಂತ ಬೈದರು, ಇರಲಿ.

ಸಾಮಾನಿನ ವಿಷಯ. ಅಂಗಡಿಯಲ್ಲಿ ಸಿಗುವ ಮೂರು ಮೂಲೆಯ ರಬ್ಬರ್ ಗ್ರಿಪ್ ಕೊಟ್ಟರು, ಬಣ್ಣಬಣ್ಣದ್ದು. ಇವನು ಒಂದು ದಿನವೂ ಶಾಲೆಗೆ ಒಯ್ಯಲಿಲ್ಲ, ಕಂಪಾಸ್ ಬಾಕ್ಸಿನಿಂದ ತೆಗೆದು ಮಂಚದ ಕೆಳಗೆ ಎಸೆದಿದ್ದ. ಮೇಡಂ ಬೈಯಲಿಲ್ಲ. ಮುಂದಿನ ವಾರ ಬ್ಯಾಟಿಗೆ ಸುತ್ತುವ ಗ್ರಿಪ್ ಟೇಪ್ ತಂದು ಪೆನ್ನಿಗೆ ಎರಡು ಸುತ್ತು ಸುತ್ತಿಕೊಟ್ಟರು. ಈಗ ಅವನ ಕ್ಲಾಸಿನ ನಾಲ್ಕು ಹುಡುಗರು ಪೆನ್ನಿಗೆ ಟೇಪ್ ಸುತ್ತಿಕೊಂಡಿದ್ದಾರೆ. ದೊಡ್ಡ ಮಕ್ಕಳ ಜೊತೆ ಕೆಲಸ ಮಾಡಿ ಗೊತ್ತಿರುವವರಿಗೇ ಇದು ಹೊಳೆಯುವುದು, ಅಲ್ವಾ? ಬಾಲ್ ಪೆನ್ನಿಗೆ ಒತ್ತಡ ಜಾಸ್ತಿ ಬೇಕು, ಜೆಲ್ ಪೆನ್ನು, ಇಂಕ್ ಪೆನ್ನು ಹಗುರವಾಗಿ ಓಡುತ್ತವೆ. ಇಂಕ್ ಪೆನ್ನೇ ಒಳ್ಳೆಯದು ಅಂತ ನಾನು ಉತ್ಸಾಹದಲ್ಲಿ ಒಂದು ತಂದುಕೊಟ್ಟೆ. ಇವನು ಒತ್ತಿದ ಒತ್ತಿಗೆ ನಿಬ್ಬು ಎರಡೇ ದಿನದಲ್ಲಿ ಕಾಲು ಅಗಲಿಸಿ ಕೂತಿತು, ಬೆರಳೆಲ್ಲ ಶಾಯಿ. ವೋಟಿನ ಶಾಯಿ ಮಾಡುವ ಮೈಸೂರಿಗೆ ಬಂದು ವೋಟು ಹಾಕದೇನೇ ಗುರುತು ಮಾಡಿಸಿಕೊಂಡು ಹೋದ ಅಂತ ಷಡ್ಡಕ ನಕ್ಕ. ಕೊನೆಗೆ 10 ರೂಪಾಯಿಯ ಜೆಲ್ ಪೆನ್ನಿಗೇ ಬಂದು ನಿಂತೆವು.

ಇಳಿಜಾರು ಹಲಗೆ ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದಿದ್ದು. ಸುಮಾರು 20 ಡಿಗ್ರಿ ಓರೆ ಇರಬೇಕು, ಆಗ ಮಣಿಕಟ್ಟು ಸರಿಯಾಗಿ ಕೂರುತ್ತದೆ, ಬೆನ್ನು ಬಗ್ಗುವುದಿಲ್ಲ. ಆನ್‌ಲೈನಿನಲ್ಲಿ ಸಾವಿರಗಟ್ಟಲೆ ಹೇಳುತ್ತಾರೆ, ತಗೋಬೇಡಿ, ದಪ್ಪ ಬಾಕ್ಸ್ ಫೈಲ್ ಅಡ್ಡ ಇಟ್ಟು ಅದರ ಮೇಲೆ ಬರೆದರೂ ನಡೆಯುತ್ತದೆ ಅಂತ ಮೇಡಮ್ಮೇ ಹೇಳಿದರು. ಮನೆಗೆ ಬಂದು ಹೇಳಿದರೆ ನಮ್ಮಮ್ಮ ಅಟ್ಟದ ಮೇಲಿಂದ ಒಂದು ಪೆಟ್ಟಿಗೆ ಇಳಿಸಿದರು. ತಾತ ಶಾನುಭೋಗಿಕೆ ಮಾಡುವಾಗ ಲೆಕ್ಕ ಬರೆಯುತ್ತಿದ್ದ ಪೆಟ್ಟಿಗೆ. ಮುಚ್ಚಳ ಓರೆ. ಅಳತೆ ಹಿಡಿದು ನೋಡಿದೆ, ಹೆಚ್ಚುಕಮ್ಮಿ ಅಷ್ಟೇ ಇಳಿಜಾರು. ಒರೆಸಿ, ತಿಗಣೆ ಔಷಧಿ ಹೊಡೆದು, ಮೇಜಿನ ಮೇಲಿಟ್ಟೆವು. ಕಾಲು ನೆಲಕ್ಕೆ ತಾಗಬೇಕು ಅನ್ನುವುದಕ್ಕೆ ಕಾಲಡಿಗೆ ಹಳೆಯ ರೊಟ್ಟಿ ಮಣೆ. ಒಂದು ರೂಪಾಯಿ ಖರ್ಚಿಲ್ಲ. ಹಣೆಬರಹದ ಮಾತೂ ಆಮೇಲೆ ಅಮ್ಮನ ಬಾಯಲ್ಲಿ ಬರಲಿಲ್ಲ.

ಆರನೇ ವಾರದಿಂದ ಅರ್ಧ ಸೆಷನ್ ಟೈಪಿಂಗಿಗೆ ಬಿಟ್ಟರು. ನನಗೆ ಕೋಪವೇ ಬಂತು. ಬರೆಯೋಕೆ ಕಲಿಸಿ ಅಂದರೆ ಬರೆಯದೇ ಇರೋಕೆ ಕಲಿಸುತ್ತಿದ್ದೀರಲ್ಲ ಅಂತ ಕೇಳಿಯೂ ಬಿಟ್ಟೆ. ಅವರು ಶಾಂತವಾಗಿ ಹೇಳಿದರು, ಇವನಿಗೆ ಆರು ವರ್ಷವಾಗಿದ್ದರೆ ಪೂರ್ತಿ ಸಮಯ ಕೈಬರಹಕ್ಕೇ ಕೊಡುತ್ತಿದ್ದೆ, 13ಕ್ಕೆ ಪಾಠ ಕಾಯುವುದಿಲ್ಲ, ತಲೆಯಲ್ಲಿರುವುದು ಹೊರಗೆ ಬರೋಕೆ ಇನ್ನೊಂದು ಬಾಗಿಲು ಬೇಕು. ಮನೆಯ ಹಳೇ ಲ್ಯಾಪ್‌ಟಾಪಿಗೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಹಾಕಿಕೊಂಡೆವು, ಅದು ಪುಕ್ಕಟೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಉಚ್ಚಾರದ ಹಾಗೇ ಕೀ ಒತ್ತಿಕೊಂಡು ಹೋಗುವುದು. ಒತ್ತಕ್ಷರ ಬೇಕು ಅಂದರೆ ನಡುವೆ ಎಫ್ ಒತ್ತಬೇಕು, ಅಷ್ಟೇ. ಮೊದಲ ದಿನ ಇವನು "ಸ್ವಾತಂತ್ರ್ಯ" ಹೊಡೆದ. ಮೂರು ಸಲ ಎಫ್. ಪರದೆ ಮೇಲೆ ಒತ್ತುಗಳು ಒಂದರ ಕೆಳಗೊಂದು ತಾವಾಗೇ ಹೋಗಿ ಕೂತವು. ಅಳಿಸಿದ, ಮತ್ತೆ ಹೊಡೆದ. ಅವತ್ತು ರಾತ್ರಿ ಊಟಕ್ಕೆ ಕರೆದರೂ ಬರಲಿಲ್ಲ. ಹೋಗಿ ನೋಡಿದರೆ "ಲಕ್ಷ್ಮಣತೀರ್ಥ", "ಮಂತ್ರಾಕ್ಷತೆ", "ಕೃಷ್ಣರಾಜಸಾಗರ" ಅಂತ ಸುಮ್ನೆ ಒತ್ತಕ್ಷರ ಇರುವ ಪದಗಳನ್ನೇ ಹುಡುಕಿ ಹುಡುಕಿ ಒಂದು ಪುಟ ತುಂಬಿಸಿದ್ದ.

ಟೈಪಿಂಗ್ ಮ್ಯಾಜಿಕ್ ಅಲ್ಲ. ಕೈಬರಹದಷ್ಟು ಸ್ಪೀಡ್ ಬರೋಕೆ ದಿನಾ 15 ನಿಮಿಷದ ಹಾಗೆ ಮೂರು ತಿಂಗಳು ಬೇಕಾಯಿತು. ಪರೀಕ್ಷೆಯಂತೂ ಈಗಲೂ ಪೆನ್ನಿನಲ್ಲೇ. ಆದರೆ ಪ್ರಾಜೆಕ್ಟ್, ಪ್ರಬಂಧ, ನೋಟ್ಸ್ ಎಲ್ಲಾ ಅದರಲ್ಲೇ ನಡೆಯುತ್ತಿದೆ, ಕೈ ಉಳಿತಾಯ ಆಗಿ ಪರೀಕ್ಷೆಗೆ ಸಿಗುತ್ತದೆ.

ಶಾಲೆಯ ಜೊತೆ ಗುದ್ದಾಟದಲ್ಲೂ ಈ ಸೆಂಟರ್ ಕೈ ಬಿಡಲಿಲ್ಲ. ಮೊದಲು ನಾನೇ ಹೋಗಿ ಹೇಳಿದಾಗ "ಬರೆದು ಬರೆದೇ ಅಭ್ಯಾಸ ಆಗಬೇಕು ಸರ್" ಅಂದರು, ಅಕ್ಷರ ಚೆನ್ನಾಗಿಲ್ಲ ಅಂತ ಅದೇ ವಾರ 50 ಸಲ ಇಂಪೊಸಿಷನ್ ಕೊಟ್ಟರು. ಮೇಡಂ ಒಂದೇ ಪುಟದ ಕಾಗದ ಬರೆದುಕೊಟ್ಟರು, ಕನ್ನಡದಲ್ಲಿ. ಏನು ತೊಂದರೆ ಅನ್ನುವುದು ಎರಡು ಸಾಲು, ಏನು ಮಾಡಬೇಕು ಅನ್ನುವುದು ಉಳಿದ ಪುಟ. ಬೋರ್ಡಿನಿಂದ ಪೂರ್ತಿ ಇಳಿಸಿಕೊಳ್ಳುವ ಬದಲು ಗೆಳೆಯನ ನೋಟ್ಸ್ ಜೆರಾಕ್ಸ್ ಮಾಡಿಕೊಳ್ಳಲಿ, ಇಂಪೊಸಿಷನ್ ಬೇಡ, ಟೆಸ್ಟಿನಲ್ಲಿ 15 ನಿಮಿಷ ಜಾಸ್ತಿ ಕೊಡಿ, ಉತ್ತರಕ್ಕೆ ಮಾರ್ಕು ಕೊಡಿ, ಅಕ್ಷರದ ಅಂದಕ್ಕೆ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಅದರಲ್ಲಿ ಡಿಸ್‌ಗ್ರಾಫಿಯಾದ ಹೆಸರೂ ಇದೆ ಅಂತ ಕೊನೆಯಲ್ಲಿ ಒಂದು ಸಾಲು, ಜಗಳದ ದನಿಯಲ್ಲಿ ಅಲ್ಲ. ಹೆಡ್‌ಮಾಸ್ಟರ್ ಓದಿ, ಟೀಚರುಗಳಿಗೆಲ್ಲ ತೋರಿಸಿ ಸಹಿ ಹಾಕಿಸಿದರು. ಹಿಂದಿ ಪೀರಿಯಡ್ಡಿನಲ್ಲಿ ಈಗಲೂ ಅದು ನಡೆಯುವುದಿಲ್ಲ. ಉಳಿದ ಕಡೆ ನಡೆಯುತ್ತಿದೆ.

ಎಸೆಸೆಲ್ಸಿಯಲ್ಲಿ ಹೆಚ್ಚಿನ ಸಮಯ ಅಥವಾ ಬರೆಯುವ ಸಹಾಯಕ ಬೇಕಾದರೆ ಇಂಥ ಕಾಗದ ಸಾಲದು, ಸರ್ಕಾರಿ ಆಸ್ಪತ್ರೆಯ ಮೂಲಕ ಸರ್ಟಿಫಿಕೇಟ್ ಬೇಕು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಓಡಾಡಬೇಡಿ, ಈಗಲೇ ಶುರು ಮಾಡಿ ಅಂದಿದ್ದಾರೆ, ಫೈಲ್ ಮಾಡಿಟ್ಟಿದ್ದೇನೆ. ನಿಮ್ಮ ಮಗು ಒಂಬತ್ತರಲ್ಲಿದ್ದರೆ ಇವತ್ತೇ ವಿಚಾರಿಸಿ.

ಈಗ ಕಿತ್ತುಕೊಂಡ ಸ್ಟಾರ್. ಫೀಸು ಜಾಸ್ತಿ. ಮುಕ್ಕಾಲು ಗಂಟೆಗೆ 800 ರೂಪಾಯಿ, ಮೊದಲ ದಿನದ ತಪಾಸಣೆಗೆ ಬೇರೆ. 10 ಸೆಷನ್ ಒಟ್ಟಿಗೆ ಕಟ್ಟಿ ಅಂತ ರಿಸೆಪ್ಷನ್ನಿನಲ್ಲಿ ಪ್ರತಿ ಸಲ ಒತ್ತಾಯ, ನಾನು ಕಟ್ಟಲಿಲ್ಲ, ನೀವೂ ನಾಲ್ಕು ನೋಡಿ ಆಮೇಲೆ ಯೋಚನೆ ಮಾಡಿ. ನಮ್ಮ ಟೈಮ್ 4 ಗಂಟೆ ಅಂದರೆ ಒಳಗೆ ಕರೆಯುವುದು ನಾಲ್ಕೂಕಾಲು, ನಾಲ್ಕೂವರೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಮಂಡ್ಯದಲ್ಲಿ ಟ್ರೇನ್ ಹತ್ತಿ, ಶ್ರೀರಂಗಪಟ್ಟಣದ ಸೇತುವೆ ಮೇಲೆ ಮಗ ಹೊಳೆಯಲ್ಲಿ ನೀರು ಎಷ್ಟಿದೆ ಅಂತ ಇಣುಕಿ ನೋಡಿ, ಸ್ಟೇಷನ್ನಿನಿಂದ ಆಟೋ ಹಿಡಿದು ಬಂದವರಿಗೆ ವಾಪಸ್ ಹೋಗುವ ಗಾಡಿ ತಪ್ಪಿದರೆ ಬಹಳ ಕಷ್ಟ. ಎರಡು ಸಲ ತಪ್ಪಿತು. ಅವರ ಹತ್ತಿರ ಇದ್ದ ವರ್ಕ್‌ಶೀಟ್ ಎಲ್ಲಾ ಇಂಗ್ಲಿಷಿನದು. ಕನ್ನಡದ್ದನ್ನು ಮೇಡಂ ಇವನಿಗಾಗಿ ಕೈಯಲ್ಲೇ ಬರೆದು ಮಾಡಿದರು, ಮೆಚ್ಚಬೇಕು, ಆದರೆ ಮೈಸೂರಿನಲ್ಲಿ ಕೂತು ಅಷ್ಟೂ ಇಲ್ಲದಿದ್ದರೆ ಹೇಗೆ?

ಮತ್ತೆ ಕಾಯುವ ಜಾಗ. ಗೋಡೆ ತುಂಬ ಕರಡಿ, ಮೊಲ, ಟೀವಿಯಲ್ಲಿ ಪುಟ್ಟ ಮಕ್ಕಳ ಕಾರ್ಟೂನ್. ಇವನು ಮೊದಲ ಎರಡು ವಾರ ಒಳಗೆ ಕೂರದೆ ಮೆಟ್ಟಿಲ ಮೇಲೆ ಕೂತಿದ್ದ, ಯಾರಾದರೂ ನೋಡಿಬಿಟ್ಟರೆ ಅಂತ. ಫೋನಿನಲ್ಲಿ ಬುಕ್ ಮಾಡುವಾಗಲೇ ದೊಡ್ಡ ಹುಡುಗ ಅಂತ ಹೇಳಿ, ಆಗ ಹಿಂದಿನ ರೂಮು ಕೊಡುತ್ತಾರೆ. ಶಾಲೆಯ ರಫ್ ನೋಟ್‌ಬುಕ್ ಒಯ್ಯಿರಿ, ಫೇರ್ ಕಾಪಿ ಅಲ್ಲ. ಹೇಳದೇ ಹೋದರೆ ಮುಂದಿನ ರೂಮಿನ ಹಳದಿ ಕುರ್ಚಿ ಸಿಗುತ್ತದೆ, ನನ್ನ ಮಗ ಅದರಲ್ಲಿ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು.